ನಾಲ್ಕನೇ ಗುಂಡಿಯ ಚೀಲ

೧೯೮೪ರ ಆಗಸ್ಟ್ ೬, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಚನ್ನಗಿರಿ ಠಾಣೆಯ ಮೇಜಿನ ಮೇಲೆ ಒಂದು ಬಟ್ಟೆಚೀಲ ಬಂದು ಕೂತಿತು. ತಂದವರು ಪುರಸಭೆಯ ಎಂಜಿನಿಯರ್ ಜಂಪಣ್ಣ.

“ಮಣ್ಣು ಕಳವಾಗೈತೆ,” ಎಂದರು.

ಕಾನ್‌ಸ್ಟೇಬಲ್ ಪಾಲಣ್ಣ ಬಾಯಿಗೆ ಕೈ ಅಡ್ಡ ಹಿಡಿದ. “ಚೀಲದ ತುಂಬ ಮಣ್ಣೇ ಐತಲ್ರೀ ಸಾರ್.”

“ಇದು ಬೇರೆ ಮಣ್ಣು. ನಗಬ್ಯಾಡ್ರಿ, ಬರಕೊಳ್ರಿ.”

ಸಬ್ ಇನ್‌ಸ್ಪೆಕ್ಟರ್ ತಿಪ್ಪೇಶಪ್ಪ ಬರೆದುಕೊಂಡ. ಊರಂಚಿನಲ್ಲಿ ಮುಚ್ಚಿಹೋದ ತೊಗಲು ಕಾರ್ಖಾನೆಯ ಜಾಗಕ್ಕೆ ಸರ್ಕಾರದ ಅನುದಾನ ಬಂದಿತ್ತು. ಮೊದಲು ಮಣ್ಣಿನ ಪರೀಕ್ಷೆ. ಚೆನ್ನಾಗಿದ್ದರೆ ಅಲ್ಲಿನ ಹನ್ನೆರಡು ಗುಡಿಸಲುಗಳಿಗೆ ಈ ವರ್ಷವೇ ಮನೆ. ವಿಷವಿದ್ದರೆ ಗುಡಿಸಲು ಎಬ್ಬಿಸಿ, ಮಣ್ಣು ತೆಗೆಸಬೇಕು. ಮನೆ ಯಾವ ಕಾಲಕ್ಕೋ. ಆರು ಗುಂಡಿ, ಆರು ಚೀಲ, ಅರಗಿನ ಮುದ್ರೆ. ಗುಡಿಸಲ ಮುಂದಿನ ನಾಲ್ಕನೇ ಗುಂಡಿಯ ಚೀಲದ ಮೇಲೆ ಮಾತ್ರ ಪುರಸಭೆಯ ಮುದ್ರೆಯ ಬದಲು ಅರಗಿಗೆ ನಾಲ್ಕಾಣೆ ನಾಣ್ಯ ಒತ್ತಿದ ಗುರುತು.

ತಿಪ್ಪೇಶಪ್ಪ ಒಂದು ಹಿಡಿ ಮಣ್ಣು ಸುರಿದುಕೊಂಡ. ನುಣ್ಣಗೆ, ಕೆಂಪಗೆ. ನಡುವೆ ಒಂದು ಜೋಳದ ಅರಳು, ಅರಿಸಿನ ಹತ್ತಿದ ನೂಲಿನ ತುಂಡು. ಚಿಕ್ಕಂದಿನಲ್ಲಿ ಪಂಚಮಿ ದಿನ ಅಜ್ಜಿ ಅವನ ಕೈಹಿಡಿದು ಹುತ್ತಕ್ಕೆ ಕರೆದೊಯ್ಯುತ್ತಿದ್ದಳು. ಅದರ ಕೆಳಗೆ ಏಳು ಉಪ್ಪರಿಗೆಯ ಅರಮನೆ ಇದೆ, ಮಾಣಿಕದ ದೀಪ ಉರಿಯುತ್ತದೆ ಎಂದು ಹೇಳುತ್ತಿದ್ದಳು. ಈ ಮಣ್ಣನ್ನು ಅವನು ಕಣ್ಣುಮುಚ್ಚಿಯೂ ಬಲ್ಲ.

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಕಾವಲುಗಾರ ಮೂಕಪ್ಪನ ವಿಚಾರಣೆ.

“ಚೀಲ ಎಲ್ಲಿದ್ವು?”

“ನನ್ನ ಶೆಡ್ಡಿನಾಗೆ.”

“ಬಿಟ್ಟು ಹೋಗಿದ್ದು ಯಾವಾಗ?”

“ಪಂಚಮಿ ದಿನ ಮಧ್ಯಾಹ್ನ. ಊಟಕ್ಕೆ.”

“ಎಷ್ಟೊತ್ತು?”

“ಹಬ್ಬದೂಟ ಸಾಹೇಬ್ರೆ. ನಿದ್ದೆ ಬಂತು.”

ಒಂದು ಗಂಟೆಗೆ, ಕಾರ್ಖಾನೆಗೆ ಹತ್ತಿರದ ಉಬ್ರಾಣಿ ರಸ್ತೆಯ ಹುತ್ತದ ಬಳಿ ಜೀಪು ನಿಂತಿತು. ಹುತ್ತದ ಒಂದು ಮಗ್ಗುಲನ್ನು ಕೆರೆದು, ಮತ್ತೆ ಹಸಿಮಣ್ಣು ಮೆತ್ತಿ ಅರಿಸಿನ-ಕುಂಕುಮ ಇಟ್ಟಿದ್ದರು. ಬುಡದಲ್ಲಿ ಹಳದಿ ಬಟ್ಟೆಯ ಸಣ್ಣ ಗಂಟು. ತಪ್ಪುಕಾಣಿಕೆ.

“ಬಿಚ್ಚೋ ಪಾಲಣ್ಣ.”

“ಸಸ್ಪೆಂಡ್ ಮಾಡ್ರಿ ಸಾರ್. ಅದನ್ನ ನಾ ಮುಟ್ಟಾಕಿಲ್ಲ.”

ತಿಪ್ಪೇಶಪ್ಪನ ಕೈಯೂ ಮುಂದೆ ಹೋಗಲಿಲ್ಲ. ಪಾಲಣ್ಣನನ್ನು ಅಲ್ಲೇ ಕಾವಲಿಗೆ ಬಿಟ್ಟು ಗುಡಿಸಲುಗಳತ್ತ ಜೀಪು ತಿರುಗಿಸಿದ.

ಅಲ್ಲಿ ಯಾರೂ ಚಾಪೆ ಹಾಸಲಿಲ್ಲ. ಕರಿಯಕ್ಕ ಎಂಬ ಮುದುಕಿ ಅವನ ಕಾಲ ಬುಡಕ್ಕೇ ಉಗುಳಿದಳು. “ನನ್ನ ಕೋಳಿ ಕಳವಾದಾಗ ಒಬ್ಬನೂ ಬರ್ಲಿಲ್ಲ. ಈಗ ಮಣ್ಣು ಹುಡುಕಾಕೆ ಜೀಪು ಬಂತು ನೋಡ್ರೇ!”

“ಗುಂಡಿ ತೋಡಿದೋರು ಯಾರು?”

“ನಾವೇ. ಕೂಲಿ ಇನ್ನೂ ಬಂದಿಲ್ಲ. ಕೊಡಾಕೆ ಬಂದೀರೇನು?”

ಯಾರೋ ನಕ್ಕರು. ಹಿಂದಿನಿಂದ ಒಂದು ಕಲ್ಲು ಜೀಪಿಗೆ ಬಡಿಯಿತು. ತಿಪ್ಪೇಶಪ್ಪ ತಿರುಗಿ ನೋಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಹುತ್ತದ ತಾವ ಒಂದು ಗಂಟು ಐತೆ. ಅದನ್ನ ಠಾಣೆಗೆ ಒಯ್ದು ಬಿಚ್ಚಿಸ್ತೀನಿ. ಕೋರ್ಟಿನಾಗೆ ಅದಕ್ಕೊಂದು ನಂಬರ್ ಕಟ್ತಾರೆ.”

ನಗು ನಿಂತಿತು. ಕೊನೆಯ ಗುಡಿಸಲಿಂದ ಉಚ್ಚಂಗೆಮ್ಮ ಓಡಿ ಬಂದಳು. ಅವಳ ಗಂಡ ರಂಗಣ್ಣ ಕಾರ್ಖಾನೆಯ ಸುಣ್ಣದ ತೊಟ್ಟಿಯಲ್ಲಿ ತೊಗಲು ತುಳಿದವನು. ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದ.

“ಮುಟ್ಟಬ್ಯಾಡ್ರಿ! ನೀವು ಮುಟ್ಟಿದ್ರೆ ನನ್ನ ತಪ್ಪುಕಾಣಿಕೆ ನಾಗಪ್ಪಗೆ ಮುಟ್ಟಾಕಿಲ್ಲ.”

“ಬಾಯಿ ಮುಚ್ಚೇ!” ಕರಿಯಕ್ಕ ಕೂಗಿದಳು. ತಡವಾಗಿತ್ತು.

ಮೂರೂಕಾಲಿಗೆ ಹುತ್ತದ ಬಳಿ ಪಂಚರ ಮುಂದೆ ಉಚ್ಚಂಗೆಮ್ಮ ತಾನೇ ಕೈಮುಗಿದು ಗಂಟು ಬಿಚ್ಚಿದಳು. ಒಳಗೆ ನಾಲ್ಕಾಣೆ, ಅಂಚಿನಲ್ಲಿ ಕೆಂಪು ಅರಗು. ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದಳು.

“ಹುತ್ತದ ಮಣ್ಣೇ ಯಾಕೆ?”

“ಅದಕ್ಕಿಂತ ಮಡಿಯಾಗಿರೋ ಮಣ್ಣು ಯಾವುದೈತ್ರಿ?”

“ನಿನ್ನ ಬಾಗಿಲ ಮುಂದಿನ ಮಣ್ಣು ವಿಷ ಅಂತ ಗೊತ್ತಿತ್ತಲ್ಲ?”

ಅವಳು ಅವನನ್ನು ಕೆಕ್ಕರಿಸಿ ನೋಡಿದಳು. “ಹದಿನೆಂಟು ವರ್ಷ ಅದರ ಮ್ಯಾಲೇ ಮಲಗೀವಿ ಸಾಹೇಬ್ರೆ. ಆಗ ಯಾರೂ ಚೀಲ ತರ್ಲಿಲ್ಲ. ವಿಷ ಹೆಂಗೂ ಐತೆ. ಮ್ಯಾಲೊಂದು ಸೂರಾದ್ರೂ ಇರ್ಲಿ ಅಂದೆ.”

ಸಂಜೆ ಐದಕ್ಕೆ ದಸ್ತಗಿರಿ. ಕೇಸ್ ಡೈರಿಯಲ್ಲಿ ಉದ್ದೇಶ ಬರೆಯುವಲ್ಲಿ ತಿಪ್ಪೇಶಪ್ಪ ಬರೆದದ್ದು ಎರಡೇ ಪದ: ಒಂದು ಮನೆ.

ಮರುದಿನ ನಾಲ್ಕನೇ ಗುಂಡಿಯಿಂದ ಮತ್ತೆ ಮಣ್ಣು ತೆಗೆಯಬೇಕಾಯಿತು. ಅಗೆಯಲು ಗುಡಿಸಲುಗಳಿಂದ ಯಾರೂ ಏಳಲಿಲ್ಲ. ಪಾಲಣ್ಣನೇ ಪಿಕಾಸಿ ಹಿಡಿದ. ಎರಡನೇ ಏಟಿಗೆ ವಾಸನೆ ಎದ್ದಿತು. ಕರವಸ್ತ್ರ ತೆಗೆದು ಮೂಗಿಗೆ ಕಟ್ಟಿಕೊಂಡ. ನಾಲ್ಕು ಮಾರು ದೂರದ ಬಾಗಿಲಲ್ಲಿ, ತಟ್ಟೆ ಮುಂದಿಟ್ಟುಕೊಂಡು, ರಂಗಣ್ಣ ಮುದ್ದೆ ಮುರಿಯುತ್ತ ಅವನನ್ನೇ ನೋಡುತ್ತಿದ್ದ.