ಮುಕ್ಕಾಲು ಮಗ್ಗಿ

ಗುಬ್ಬಿ ಹತ್ತಿರ, ನೂರು ವರ್ಷದ ಹಿಂದೆ ಷಡಕ್ಷರಿ ಎಂಬ ಪೇಟದ ಮೇಷ್ಟ್ರು ಮನೆಮನೆಯಿಂದ ಮಕ್ಕಳನ್ನು ಕರೆತಂದು ಬೆಳೆಸಿದ ಸರ್ಕಾರಿ ಶಾಲೆಯಲ್ಲಿ ನನ್ನ ಡಿ.ಎಡ್. ತರಬೇತಿ. ಆ ಶಾಲೆಯನ್ನು ಮುಚ್ಚಬೇಕೋ ಬೇಡವೋ ಎಂದು ನೋಡಲು ಮೊನ್ನೆ ಮಧ್ಯಾಹ್ನ ಅಧಿಕಾರಿಯೊಬ್ಬರು ಬಂದರು. ನಾನು ವಿಡಿಯೋ ಆನ್ ಮಾಡಿದೆ.

ಸುಡುಬಿಸಿಲಲ್ಲೂ ಕೋಣೆ ಮಡಕೆ ನೀರಿನ ಹಾಗೆ ತಣ್ಣಗಾಯಿತು. ಎರಡರ ಮಗ್ಗಿಗೇ ತಡವರಿಸುತ್ತಿದ್ದ ಮಕ್ಕಳು ಒಟ್ಟಿಗೆ ಕೂಗಿದರು: "ಒಂದ್ ಮುಕ್ಕಾಲ್ ಮುಕ್ಕಾಲು, ಎರಡ್ ಮುಕ್ಕಾಲ್ ಒಂದೂವರೆ..."

"ನಮ್ಮಜ್ಜನ್ ಕಾಲದ್ ಮಗ್ಗಿ ಕಣಮ್ಮ! ಮುಚ್ಚೋ ಮಾತೇ ಇಲ್ಲ ಬುಡು," ಎಂದು ಅಧಿಕಾರಿ ನಕ್ಕರು.

ಆ ಮಗ್ಗಿ ನನಗೇ ಬರುವುದಿಲ್ಲ! ಆದರೂ ಖುಷಿಗೆ ಮಕ್ಕಳ ಜೊತೆ ಕುಣಿದೆ. "ಯಾರ್ ಕಲ್ಸಿದ್ರೇ?" ಎಂದು ಮುಂದೆ ಕೂತಿದ್ದ ಹುಡುಗಿ ತೇಜಸ್ವಿನಿಯನ್ನು ಕೇಳಿದೆ.

"ಪೇಟದ್ ಮೇಷ್ಟ್ರು, ಮಿಸ್. ನೀವ್ ಊಟಕ್ ಹೋದಾಗ ದಿನಾ ಬರ್ತಾರೆ. ಹೊಡಿಯಲ್ಲ, ಪಾಪ."

ವಿಡಿಯೋದಲ್ಲಿ ಪ್ರತಿ ಸಾಲಿಗೂ ಬೆತ್ತ ಮರದ ಮೇಜಿಗೆ ತಟ್ಟಿದ ಸದ್ದಿದೆ. ಕೋಣೆಯಲ್ಲಿ ಇದ್ದದ್ದು ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ.