ಗೋಮುಖಿಯ ನೀರು

ನಾಗರಬಾವಿಯ ನಮ್ಮ ಹಳೇ ಈಶ್ವರನ ಗುಡಿಯನ್ನು ಬಿಚ್ಚಿಸಿದ್ದು ೨೦೦೪ರ ಏಪ್ರಿಲ್‌ನಲ್ಲಿ. ಹಿಂದಿನ ದಿನವೇ ಪುರೋಹಿತರು ದೇವರ ಶಕ್ತಿಯನ್ನು ಕಲಶಕ್ಕೆ ಇಳಿಸಿ, ಲಿಂಗವನ್ನು ಹೊಸ ಗುಡಿಗೆ ಸಾಗಿಸಿದ್ದರು. "ಇನ್ನು ಅದು ಬರೀ ಕಲ್ಲು, ಚಪ್ಪಲಿ ಹಾಕ್ಕೊಂಡೇ ಹೋಗಿ" ಎಂದಿದ್ದರು.

ಆದರೂ ಕಲ್ಲು ಕೀಳಲು ಬಂದಿದ್ದ ಕೊಪ್ಪಳದ ಕೊಟ್ರಪ್ಪ ಚಪ್ಪಲಿಯನ್ನು ಹೊರಗೇ ಬಿಟ್ಟ. ಅಂಥ ಬಿಸಿಲಲ್ಲೂ ಗರ್ಭಗುಡಿಯ ಗೋಡೆ ಮುಟ್ಟಿದರೆ ಕೈ ಕೊರೆಯುತ್ತಿತ್ತು.

ಸರಿಯಾಗಿ ಹನ್ನೆರಡಕ್ಕೆ, ಅಭಿಷೇಕದ ನೀರು ಹೊರಬೀಳುವ ಗೋಮುಖಿಯಿಂದ ಸಣ್ಣಗೆ ನೀರು ಸುರಿಯತೊಡಗಿತು. ಚಿಕ್ಕಂದಿನ ಅಭ್ಯಾಸ ನೋಡಿ, ಯೋಚಿಸುವ ಮೊದಲೇ ಕೈಯೊಡ್ಡಿ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡೆ. ನೀರು ಬೆಚ್ಚಗಿತ್ತು. ಪಚ್ಚಕರ್ಪೂರದ ರುಚಿಯಿತ್ತು. ಒಳಗೆ ಲಿಂಗವೇ ಇಲ್ಲ ಎಂಬುದು ನುಂಗಿದ ಮೇಲೆ ನೆನಪಾಯಿತು.

"ಕೊಟ್ರಪ್ಪ, ಒಳಗೆ ನೀರು ಹಾಕ್ತಿರೋದು ಯಾರು ನೋಡು."

ಅವನು ಬ್ಯಾಟರಿ ಹಿಡಿದು ಹೋಗಿ, ಬೇಗನೆ ಹೊರಗೆ ಬಂದ. "ಒಳಗ ಯಾರೂ ಇಲ್ರಿ ಮುನಿರಾಜಣ್ಣ. ನೀರಿಲ್ಲ, ದೀಪಾನೂ ಇಲ್ಲ. ಆದ್ರ ಈಗ ಯಾರೋ ದೀಪ ಆರಿಸಿದಂಗ ಬತ್ತಿ ವಾಸನಿ ಬರಾಕತ್ತೈತಿ." ನನ್ನ ಒದ್ದೆ ತಲೆಯನ್ನೇ ನೋಡಿದ. "ನೀವು ಅದನ್ನ ಕುಡಿಬಾರದಿತ್ತರಿ."

ಅಷ್ಟರಲ್ಲಿ ನೀರು ನಿಂತಿತ್ತು. ಬಾಯಿ ಎಷ್ಟು ಮುಕ್ಕಳಿಸಿದರೂ ಕರ್ಪೂರದ ರುಚಿ ಮಾತ್ರ ಹೋಗಲಿಲ್ಲ.

ಸಂಜೆ ಗೋಮುಖಿಯ ಕಲ್ಲನ್ನು ಗೋಡೆಯಿಂದ ಎಳೆದು ಹಾಕಿದೆವು. ಕೊಟ್ರಪ್ಪ ಅದರ ಬಾಯೊಳಗೆ ಸಲಾಕೆ ತೂರಿಸಿದ. ನಾಲ್ಕು ಬೆರಳು ಹೋಗಿ ಠಕ್ಕೆಂದು ನಿಂತಿತು. ಅದರಾಚೆ ಉಳಿಯೇ ತಾಗಿರದ ಇಡೀ ಕಲ್ಲು.

ನಮ್ಮಜ್ಜ, ನಮ್ಮಪ್ಪ, ನಾನು, ಮೂರು ತಲೆಮಾರು ಅದೇ ಬಾಯಿಗೆ ಕೈಯೊಡ್ಡಿ ತೀರ್ಥ ಕುಡಿದು ಬೆಳೆದವರು.