ಉತ್ತರ ಬಾರದ ಸುದ್ದಿ

ಮಾನ್ವಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಮೌನೇಶ ಎದುರಿಗೆ ಕೂತವಳ ಕಡೆ ಒಂದು ಕಾಗದ ಸರಿಸಿದ. ಅವಳು ಓದಿ ನಕ್ಕಳು. ಅವನೂ ನಕ್ಕ.

ರಾಯಚೂರಿನಿಂದ ಬಂದಿಳಿದ ಪತ್ರಿಕಾ ವರದಿಗಾರ್ತಿ ಸಂಘಮಿತ್ರಾ ಬಾಗಿಲಲ್ಲೇ ನಿಂತಳು.

ಆ ಕಾಗದ ಏನೆಂದು ಅವಳಿಗೆ ಗೊತ್ತು... ಸ್ಪಷ್ಟೀಕರಣ. ಸರ್ಕಾರದ ವಿರುದ್ಧ ಸುದ್ದಿ ಬಂದರೆ ಅದಕ್ಕೆ ಉತ್ತರ ಬರೆಯುವುದು ವಾರ್ತಾ ಇಲಾಖೆಯಲ್ಲಿ ಮೌನೇಶನ ಕೆಲಸ.

ಎದುರಿಗಿದ್ದವಳು ಸುನಂದಾ, ಬೇರೆ ಪತ್ರಿಕೆಯ ಮಾನ್ವಿ ವರದಿಗಾರ್ತಿ. ಅವಳು ಏನು ಬರೆದರೂ ಉತ್ತರ ಬರುತ್ತದೆ. ಅದೂ ಇವನ ಕೈಯಲ್ಲೇ.

ಸಂಘಮಿತ್ರಾ ಎರಡು ವರ್ಷದಿಂದ ಬರೆಯುತ್ತಿದ್ದಾಳೆ. ಆಸ್ಪತ್ರೆ, ಹಾಸ್ಟೆಲು, ಕಾಲುವೆ... ಒಂದಕ್ಕೂ ಉತ್ತರವಿಲ್ಲ.

'ಇವನು ನನ್ನದನ್ನು ಓದುವುದೇ ಇಲ್ಲವೇನೋ...'

“ಬರ್ರಿ ಮೇಡಂ, ಚಹಾ ಕುಡೀರಿ.” ಮೌನೇಶ ಎದ್ದು ನಿಂತ.

“ಈ ಸರ್ ನನ್ನ ಬೆನ್ನ ಬಿಡವಲ್ರು ನೋಡು,” ಎಂದಳು ಸುನಂದಾ. “ನಾ ಬರೆದದ್ದೆಲ್ಲಾ ಇವ್ರಿಗೆ ಬಾಯಿಪಾಠ ಆಗ್ಯಾದ.”

“ನಿನ್ನ ಪುಣ್ಯ. ನಂಗ ದೇವದುರ್ಗದ ಬಸ್ ಅದ.”

ಬಸ್ ಇತ್ತು. ಆದರೆ ಸಂಘಮಿತ್ರಾ ಹತ್ತಲಿಲ್ಲ.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಘಟಕ ಬಂದ್ ಆಗಿದೆ ಎಂದು ಯಾರೋ ಫೋನ್ ಮಾಡಿದ್ದರು. ಕಣ್ಣಾರೆ ನೋಡದೆ ಅವಳು ಎಂದೂ ಬರೆದವಳಲ್ಲ. ಅಂದು ನಿಲ್ದಾಣದ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲೇ ಬರೆದಳು. ಹೋಟೆಲಿನಿಂದ ಆ ಇಬ್ಬರ ನಗು ಕೇಳುತ್ತಲೇ ಇತ್ತು. ಖಾರವಾಗಿ ಬರೆದಳು.

'ಈ ಸಲವಾದರೂ ಉತ್ತರ ಕೊಡಲಿ...'

ಸುದ್ದಿ ಅಚ್ಚಾದ ದಿನವೇ ಮೌನೇಶ ರಾಯಚೂರಿನ ಅವಳ ಕಚೇರಿಗೆ ಬಂದ. ಕೈಯಲ್ಲಿ ಕಾಗದವಿತ್ತು. ಸಂಘಮಿತ್ರಾ ಮುಂಗುರುಳು ಸರಿಮಾಡಿಕೊಳ್ಳಲು ಹೋದವಳು, ಅವನ ಮುಖ ನೋಡಿ ಕೈ ಇಳಿಸಿದಳು.

“ಘಟಕ ವಾರದ ಹಿಂದನ ಚಾಲೂ ಆಗ್ಯಾದರೀ. ನೀವು ಹೋಗಿದ್ದಿಲ್ಲೇನು?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ನಿಮ್ಮ ಪೇಪರ್ ನೋಡಿ ಅಲ್ಲಿ ಕೆಲಸ ಮಾಡೋ ಗದ್ದೆಪ್ಪಗ ನೋಟಿಸ್ ಕೊಟ್ಟಾರ.”

ಅವಳು ಗದ್ದೆಪ್ಪನಿಗೆ ಫೋನ್ ಹಚ್ಚಿದಳು.

“ಯವ್ವಾ, ನೀ ಬಂದಿದ್ರ ನೀರ ಕುಡಿಸಿ ಕಳಿಸ್ತಿದ್ದೆನಲ್ಲ,” ಎಂದನಾತ.

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಒಳಪುಟದಲ್ಲಿ ಎರಡು ಸಾಲು ತಿದ್ದುಪಡಿ ಹಾಕಿದರೆ ಸಾಕು ಎಂದರು ಸಂಪಾದಕ ನಯೀಮ್. ಅವಳು ಒಪ್ಪಲಿಲ್ಲ. ಸುದ್ದಿ ಬಂದ ಜಾಗದಲ್ಲೇ, ತನ್ನ ಹೆಸರಿನಲ್ಲೇ ಬರಬೇಕೆಂದಳು. 'ಸ್ಥಳಕ್ಕೆ ಹೋಗದೆ ಬರೆದೆ. ಗದ್ದೆಪ್ಪ ಅವರದು ತಪ್ಪಿಲ್ಲ.'

ಮರುದಿನ ಅದು ಅಚ್ಚಾಯಿತು, ನೋಟಿಸ್ ವಾಪಸಾಯಿತು. ಆ ಸಂಗತಿ ತಿಳಿಸಲು ಬಂದ ಮೌನೇಶ ಹೊರಡದೆ ಮೆಟ್ಟಿಲಲ್ಲೇ ನಿಂತ.

“ನೀವು ಹಿಂಗ ಬರೆಯೋರಲ್ಲ. ಏನಾಗಿತ್ತು?”

“ನಾ ಹೆಂಗ ಬರೀತೀನಿ ಅಂತ ನಿಮಗೇನು ಗೊತ್ತು? ಓದಿದ್ರ ತಾನ... ನಿಮಗ ಸುನಂದಾಗ ಉತ್ತರ ಒಯ್ದು ಕೊಡೂದ ಆಗ್ಯಾದ.”

ಅವನು ಅವಳನ್ನೇ ನೋಡಿದ. ಅರ್ಥವಾಗಲು ತುಸು ಹೊತ್ತು ಹಿಡಿಯಿತು.

“ಅವ್ರ ಸುದ್ದಿಯಾಗ ಅಂಕಿ ತಪ್ಪಿರ್ತಾವ, ಅದಕ್ಕ ಹೋಗ್ತೀನಿ. ನಿಮ್ಮ ಸುದ್ದಿ ಬಂದ್ರೂ ಸಾಹೇಬ್ರು ಉತ್ತರ ಬರಿ ಅಂತಾರ. ನಾ ವಿಚಾರಿಸಿ ಬಂದು, ‘ಬರಿಯಾಕ ಏನಿಲ್ರೀ, ಮೇಡಂ ಬರೆದದ್ದು ಖರೇ ಅದ’ ಅಂತ ಹೇಳಿ ಬೈಸಿಕೊಳ್ತೀನಿ.”

ಸಂಘಮಿತ್ರಾ ಒಂದು ಮೆಟ್ಟಿಲು ಇಳಿದಳು. ಎರಡು ವರ್ಷ ಸುನಂದಾಳ ಮೇಲೆ ಹೊಟ್ಟೆ ಉರಿದುಕೊಂಡದ್ದು ತಪ್ಪು ತಿದ್ದುವ ಆ ಕಾಗದಗಳಿಗಾಗಿಯೇ...

“ನಿಮ್ಮ ಆಫೀಸಿಗೆ ಬರಾಕ ನಾನೂ ಒಂದು ತಪ್ಪು ಹುಡುಕ್ತಿದ್ದೆ,” ಎಂದ ಮೌನೇಶ. “ನಿನ್ನೆ ಸಿಕ್ತು. ಖುಷಿ ಆಗ್ಲಿಲ್ಲರೀ.”

“ತಪ್ಪಿಲ್ದ ಬರಾಕ ಬರಲ್ಲೇನು?”

“ಸರ್ಕಾರದಾಂವ ಪೇಪರಿನವ್ರ ಆಫೀಸಿಗೆ ಸುಮ್ಮನ ಬಂದ್ರ ಮಂದಿ ಏನಂತಾರ?”

“ಅನ್ನಲಿ. ನಿಮ್ಮ ಇಲಾಖೆ ಮ್ಯಾಲೂ ಬರೀತೀನಿ ನಾನು. ಆವಾಗ?”

“ಬರೀರಿ. ತಪ್ಪಿದ್ರ ಉತ್ತರ ಕಳಸ್ತೀನಿ.”

“ತಪ್ಪಿಲ್ಲಂದ್ರ?”

“ನಾನ ಬರ್ತೀನಿ.”